ಗಾಡಿಯ ಹೊರಗೆ ನಿಂತವರು
(ಜಾಂಡ್‌ವೋರ್ಟ್ ರೇಸ್ ಟ್ರ್ಯಾಕ್ ಮತ್ತು ಹೇಗ್‌ನ ಕಾರು ಮ್ಯೂಸಿಯಂ: ಒಂದು ವಿಮರ್ಶೆ)

ಊರಿನಿಂದ ಹಿರಿಯರು ಬಂದಾಗ ಡೆಲ್ಫ್ಟ್‌ನಲ್ಲಿರುವ ನಮಗೆಲ್ಲ ಒಂದೇ ಚಿಂತೆ. ಕಾಲುವೆ, ನೀಲಿ ಪಿಂಗಾಣಿ, ಎರಡು ಚರ್ಚು ಎಲ್ಲವೂ ಮೊದಲ ವಾರದಲ್ಲೇ ಮುಗಿದುಹೋಗುತ್ತವೆ. ಆಮೇಲೇನು? ಕಳೆದ ಬೇಸಿಗೆಯಲ್ಲಿ ಬಂದಿದ್ದ ನಮ್ಮ ಮಾವನವರು ಕೆ.ಎಸ್.ಆರ್.ಟಿ.ಸಿ.ಯಲ್ಲಿ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. "ಚರ್ಚು ಸಾಕು ಅಳಿಯಂದ್ರೇ, ಗಾಡಿ ಏನಾದ್ರೂ ಇದ್ರೆ ತೋರಿಸಿ" ಎಂದರು. ಹೀಗಾಗಿ ಒಂದು ದಿನ ಜಾಂಡ್‌ವೋರ್ಟ್‌ನ ರೇಸ್ ಟ್ರ್ಯಾಕ್, ಇನ್ನೊಂದು ದಿನ ಹೇಗ್‌ನ ಲೌಮನ್ ಮ್ಯೂಸಿಯಂ ನೋಡಿ ಬಂದೆವು. ಎರಡೂ ನೋಡಬೇಕಾದ ಜಾಗಗಳೇ. ಆದರೂ ಒಂದು ತಕರಾರಿದೆ. ಸದಸ್ಯರ ಮುಂದೆ ಅದನ್ನಿಡುವುದಕ್ಕೇ ಈ ಬರಹ.

ಮೊದಲು ಜಾಂಡ್‌ವೋರ್ಟ್. ಹಾರ್ಲೆಮ್‌ನಲ್ಲಿ ರೈಲು ಬದಲಾಯಿಸಿದರೆ ಸಮುದ್ರದ ಬಳಿಯೇ ಇಳಿಯಬಹುದು. ಮರಳು ದಿಬ್ಬಗಳ ನಡುವೆ 4.259 ಕಿಲೋಮೀಟರಿನ ಟ್ರ್ಯಾಕ್ ಹಾವಿನಂತೆ ಸುತ್ತಿಕೊಂಡಿದೆ. ಅಂದು ದೊಡ್ಡ ರೇಸ್ ಇರಲಿಲ್ಲ, ಯಾರೋ ಹವ್ಯಾಸಿಗಳು ಕಾರು ಓಡಿಸುತ್ತಿದ್ದರು. ಕಾರು ಕಣ್ಣಿಗೆ ಬೀಳುವ ಮೊದಲೇ ಸದ್ದು ದಿಬ್ಬ ಹತ್ತಿ ಬರುತ್ತದೆ. ನನ್ನ ಮಗ ಕುಣಿದಾಡಿದ. ಮಾವನವರು ಮಾತ್ರ ರಸ್ತೆಯನ್ನೇ ನೋಡುತ್ತ, "ಈ ರೋಡು ಹಾಕಿದವರು ಯಾರು?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. 1948ರ ಆಗಸ್ಟ್ 7ರಂದು ಇಲ್ಲಿ ಮೊದಲ ರೇಸ್ ನಡೆದಾಗ ಗೆದ್ದವನು ಸಯಾಮಿನ ರಾಜಕುಮಾರ ಬೀರಾ. 1952ರಿಂದ ಇದು ವಿಶ್ವ ಚಾಂಪಿಯನ್‌ಶಿಪ್ ರೇಸಿನ ಜಾಗವಾಯಿತು. ಅಭಿಮಾನಿಗಳಿಗೆ ಇದೆಲ್ಲ ಬಾಯಿಪಾಠ. ಆದರೆ ರಸ್ತೆಯ ಕಥೆ ಅದಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಕರಾವಳಿಯ ರಕ್ಷಣೆಗೆಂದು ಊರಿನ ಸಮುದ್ರದ ಕಡೆಯ ಮನೆಗಳನ್ನು, ಹೋಟೆಲುಗಳನ್ನು ಕೆಡವಿತು. ಆಗ ಮೇಯರ್ ಆಗಿದ್ದ ವಾನ್ ಆಲ್ಫೆನ್ ದಿಬ್ಬಗಳ ನಡುವೆ ಅಗಲವಾದ ರಸ್ತೆಯೊಂದು ಬೇಕೆಂದು ಜರ್ಮನರನ್ನು ಒಪ್ಪಿಸಿದರಂತೆ. ವಿಜಯದ ಮೆರವಣಿಗೆಗೆ ಆಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಊರಿನ ಗಂಡಸರನ್ನು ಜರ್ಮನಿಗೆ ಕೂಲಿಗೆ ಎಳೆದೊಯ್ಯದಂತೆ ಇಲ್ಲೇ ಕೆಲಸ ಕೊಟ್ಟು ಉಳಿಸಿಕೊಳ್ಳುವುದು ಒಳಗಿನ ಉಪಾಯವಾಗಿತ್ತೆಂದು ಇಲ್ಲಿನವರು ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಟ್ರ್ಯಾಕಿನ ಒಂದು ಭಾಗಕ್ಕೆ ಆಧಾರವಾದದ್ದು ಆಗಿನ ರಸ್ತೆಗಳೇ. ಅಂದರೆ ಇಲ್ಲಿ ಮೊದಲು ಬೆವರು ಸುರಿಸಿದವರು ರೇಸ್ ಡ್ರೈವರುಗಳಲ್ಲ, ಸಲಿಕೆ ಹಿಡಿದವರು.

ಎರಡನೆಯ ಕಥೆ 1973ರ ಜುಲೈ 29ರದು. ಇಪ್ಪತ್ತೈದು ವರ್ಷದ ರೋಜರ್ ವಿಲಿಯಮ್ಸನ್‌ನ ಕಾರು ಮಗುಚಿ ಬಿದ್ದು ಹೊತ್ತಿಕೊಂಡಿತು. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತನ್ನ ಕಾರು ನಿಲ್ಲಿಸಿ, ಟ್ರ್ಯಾಕ್ ದಾಟಿ ಓಡಿ, ಒಬ್ಬನೇ ಆ ಕಾರನ್ನು ಎತ್ತಲು ನೋಡಿದ. ಅಲ್ಲಿದ್ದ ಸಿಬ್ಬಂದಿಗೆ ಬೆಂಕಿ ತಡೆಯುವ ಬಟ್ಟೆಯೇ ಇರಲಿಲ್ಲ, ಹತ್ತಿರ ಹೋಗಲಾಗಲಿಲ್ಲ. ಪರ್ಲಿಯೇ ಉರಿಯುವ ಕಾರಿನಿಂದ ಪಾರಾಗಿ ಬಂದವನೆಂದು ತಿಳಿದು ಉಳಿದ ಡ್ರೈವರುಗಳು ಮುಂದೆ ಹೋದರು. ರೇಸ್ ನಿಲ್ಲಲಿಲ್ಲ. ವಿಲಿಯಮ್ಸನ್ ಉಳಿಯಲಿಲ್ಲ. ಪರ್ಲಿಗೆ ಬ್ರಿಟನ್ನಿನ ಜಾರ್ಜ್ ಪದಕ ಬಂತು. ಅಂದು ಗೆದ್ದವನು ಜ್ಯಾಕಿ ಸ್ಟೂವರ್ಟ್, ದಾಖಲೆಯಲ್ಲಿ ಮೊದಲು ಕಾಣುವುದು ಆ ಹೆಸರು. ಇದನ್ನು ಹೇಳಿದಾಗ ಮಾವನವರು ಬಹಳ ಹೊತ್ತು ಸುಮ್ಮನಿದ್ದು, "ಎದುರಿಗೆ ಗಾಡಿ ಬಿದ್ದಿದ್ರೆ ನಮ್ ಘಾಟೀಲಿ ಯಾರೂ ಹಾಗೇ ಹೋಗ್ತಿರ್ಲಿಲ್ಲ" ಎಂದರು.

ಇನ್ನು ಮ್ಯೂಸಿಯಂ. ಡಾಡ್ಜ್ ಕಾರುಗಳ ಆಮದುದಾರರಾಗಿದ್ದ ಲೌಮನ್ 1934ರಲ್ಲಿ ಒಂದು ಹಳೆಯ ಡಾಡ್ಜ್ ಕೊಂಡರು. ಅಲ್ಲಿಂದ ಶುರುವಾದ ಸಂಗ್ರಹದಲ್ಲಿ ಈಗ 250ಕ್ಕೂ ಹೆಚ್ಚು ಗಾಡಿಗಳಿವೆ. ಅಮೆರಿಕದ ಮೈಕೆಲ್ ಗ್ರೇವ್ಸ್ ವಿನ್ಯಾಸ ಮಾಡಿದ ಈಗಿನ ಕಟ್ಟಡವನ್ನು 2010ರಲ್ಲಿ ರಾಣಿ ಬಿಯಾಟ್ರಿಕ್ಸ್ ಉದ್ಘಾಟಿಸಿದರು. ಜೋಡಣೆ ಅಚ್ಚುಕಟ್ಟು, ಬೆಳಕು ಹದವಾಗಿದೆ, ಒಂದು ಗಾಡಿಯ ಮೇಲೂ ಧೂಳಿಲ್ಲ. ಡಚ್ಚರ ಹೆಮ್ಮೆಯ 1903ರ ಸ್ಪೈಕರ್ ರೇಸ್ ಕಾರಿನ ಮುಂದೆ ಮಾವನವರು ಅರ್ಧ ಗಂಟೆ ನಿಂತರು. ಆರು ಸಿಲಿಂಡರ್, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಶಕ್ತಿ, ನಾಲ್ಕು ಚಕ್ರಕ್ಕೂ ಬ್ರೇಕು, ಅದೂ ಆ ಕಾಲದಲ್ಲಿ!

ಮಕ್ಕಳು ಮುತ್ತಿಕೊಳ್ಳುವುದು ಹಂಸದ ಕಾರನ್ನು. 1910ರಲ್ಲಿ ಕಲ್ಕತ್ತೆಯ ಮ್ಯಾಥ್ಯೂಸನ್ ಎಂಬ ಧನಿಕ ಇಂಗ್ಲೆಂಡಿನಲ್ಲಿ ಮಾಡಿಸಿ ತರಿಸಿಕೊಂಡದ್ದು. ಮುಂಭಾಗ ಥೇಟ್ ಹಂಸವೇ. ಕಣ್ಣು ಹೊಳೆಯುತ್ತದೆ, ಕೊಕ್ಕಿನಿಂದ ಬಿಸಿನೀರು ಚಿಮ್ಮುತ್ತಿತ್ತು, ದಾರಿಯಲ್ಲಿ ಅಡ್ಡ ಬಂದವರು ಸರಿಯಲಿ ಎಂದು! ಗಲಾಟೆ ಆಗಿ ಪೊಲೀಸರು ತಡೆಯಬೇಕಾಯಿತು. ಮುಂದೆ ಅದು ನಾಭಾ ಮಹಾರಾಜರ ಕೈ ಸೇರಿತು. ಕಥೆ ಕೇಳಿ ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಮಗ ಮಾತ್ರ, "ತಾತ, ಬಿಸಿನೀರು ಯಾರ ಮೇಲೆ ಬಿತ್ತು?" ಎಂದ.

ನನ್ನ ತಕರಾರು ಇದೇ. ಟ್ರ್ಯಾಕಿನಲ್ಲೂ ಮ್ಯೂಸಿಯಂನಲ್ಲೂ ಮೋಟಾರಿನ ಚರಿತ್ರೆಯನ್ನು ನಾವು ಸ್ಟಿಯರಿಂಗ್ ಹಿಡಿದವನ ಸೀಟಿನಲ್ಲಿ ಕುಳಿತೇ ನೋಡುತ್ತೇವೆ. ಯಾವ ವರ್ಷ, ಎಷ್ಟು ಕುದುರೆ ಶಕ್ತಿ, ಯಾರ ಒಡೆತನ, ಯಾರು ಗೆದ್ದರು. ರಸ್ತೆ ಹಾಕಿದವರು, ಬೆಂಕಿಯ ಹತ್ತಿರ ಬರಿಗೈಯಲ್ಲಿ ನಿಂತವರು, ಹಂಸ ಬಂತೆಂದು ಚರಂಡಿಗೆ ಹಾರಿದ ಕಲ್ಕತ್ತೆಯ ಕೂಲಿಯವರು, ಇವರೆಲ್ಲ ಗಾಡಿಯ ಹೊರಗೇ ಉಳಿಯುತ್ತಾರೆ. ಕಾರಿನ ಮ್ಯೂಸಿಯಂ ಕಾರು ತೋರಿಸದೆ ಇನ್ನೇನು ತೋರಿಸಬೇಕು ಎಂದು ಕೇಳಬಹುದು. ಒಪ್ಪಿದೆ. ಆದರೆ ಇಂದಿನ ರೇಸ್ ಕಾರು ಸುರಕ್ಷಿತವಾಗಿದ್ದರೆ ಅದಕ್ಕೆ ಎಂಜಿನಿಯರ ಜಾಣ್ಮೆಯಷ್ಟೇ ಕಾರಣವಲ್ಲ, 1973ರಂಥ ದಿನಗಳ ನಾಚಿಕೆಯೂ ಕಾರಣ. ಅದನ್ನು ಬಿಟ್ಟರೆ ಕಾರಿನ ಕಥೆಯೂ ಅರ್ಧವೇ. ಇದರಲ್ಲಿ ಡಚ್ಚರದಷ್ಟೇ ತಪ್ಪಿಲ್ಲ. ಧರ್ಮಸ್ಥಳದ ಹಳೆಯ ಕಾರುಗಳ ಮುಂದೆ ನಿಂತಾಗ ಅದು ಯಾರ ಕಾರು, ಯಾವ ಮಾಡೆಲ್ ಎಂದು ಕೇಳುವ ನಾವು, ಓಡಿಸುತ್ತಿದ್ದ ಡ್ರೈವರ್ ಯಾರೆಂದು ಎಂದಾದರೂ ಕೇಳಿದ್ದೇವೆಯೇ?

ಜಾಂಡ್‌ವೋರ್ಟ್‌ನ ದೊಡ್ಡ ರೇಸ್ 1985ರಲ್ಲಿ ನಿಂತು, 2021ರಲ್ಲಿ ಮರಳಿತು. ಅದಕ್ಕೆ ಹೆಚ್ಚಿನ ಜನ ಬಂದದ್ದು ರೈಲಿನಲ್ಲಿ, ಸೈಕಲ್ಲಿನಲ್ಲಿ. ಕಾರು ನೋಡಲು ಕಾರು ಬಿಟ್ಟು ಬರುವ ಜನ! 2026ರದೇ ಕೊನೆಯದೆಂದು ಸಂಘಟಕರು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ದೊಡ್ಡ ರೇಸ್ ಇರಲಿ ಬಿಡಲಿ, ದಿಬ್ಬ ಹತ್ತಿ ನೋಡಿ ಬನ್ನಿ. ಮ್ಯೂಸಿಯಂ ಅಂತೂ ನಮಗೆ ಕೂಗಳತೆಯ ದೂರ, ಅರ್ಧ ದಿನವಾದರೂ ಇಟ್ಟುಕೊಳ್ಳಿ. ಹೋದಾಗ ಪ್ರತಿ ಗಾಡಿಯ ಮುಂದೆಯೂ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: ಇದು ಹೋಗುವಾಗ ಪಕ್ಕದಲ್ಲಿ ಯಾರು ನಿಂತಿದ್ದರು?

ಮಾವನವರು ಊರಿಗೆ ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯಿಂದ ಒಂದು ಪುಟ್ಟ ಡಬ್ಬಿ ತೆಗೆದು ಮೊಮ್ಮಗನ ಕೈಗಿಟ್ಟರು. ಅಪಘಾತವಿಲ್ಲದೆ ಬಸ್ ಓಡಿಸಿದ್ದಕ್ಕೆ ಇಲಾಖೆ ಕೊಟ್ಟ ಬೆಳ್ಳಿ ಪದಕ. "ನೀನು ಯಾವ ರೇಸ್ ಗೆದ್ದೆ ತಾತ?" ಎಂದು ಹುಡುಗ ಕೇಳಿದ. "ಯಾವುದೂ ಇಲ್ಲ ಕಣೋ. ಎಲ್ಲರನ್ನೂ ಮನೆ ಸೇರಿಸಿದೆ" ಎಂದರು.