ಬಂಧಶಬ್ದದ ಅಂಕಾರ್ಥ: ಗಣಿತಸಾರಸಂಗ್ರಹದ ಒಂದು ಪಾಠವಿಚಾರ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಸಮೀಪದಲ್ಲಿ, ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರ 'ಗಣಿತಸಾರಸಂಗ್ರಹ'ದ ಆದಿಯಲ್ಲಿ ಸ್ತುತಿಸಿದ್ದಾರೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಗ್ರಂಥವನ್ನು ಪ್ರಕಟಿಸಿದಂದಿನಿಂದ ಅದರ ಭಾಗಹಾರ ಪ್ರಕರಣದ 12345654321 ಎಂಬ ಸಂಖ್ಯೆ ಪ್ರಸಿದ್ಧವಾಗಿದೆ. ಒಂದರಿಂದ ಆರಕ್ಕೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಸಂಖ್ಯೆಯ ಮೊದಲ ಅಂಕವು ಆಚಾರ್ಯರ ಸ್ಥಾನಸಂಜ್ಞೆಯಲ್ಲಿ ಹನ್ನೊಂದನೆಯದಾದ ಅರ್ಬುದದಲ್ಲಿದೆ.

ಆದರೆ ಮೆಚ್ಚುವವರು ಭಾಜ್ಯವನ್ನು ಮಾತ್ರ ಮೆಚ್ಚಿ ಭಾಜಕವನ್ನು ಮರೆಯುತ್ತಾರೆ. ಅಷ್ಟು ಸುವರ್ಣವನ್ನು ಹಂಚಿಕೊಳ್ಳುವ ನರರ ಸಂಖ್ಯೆಯನ್ನು ಪದ್ಯವು ವಿಧು, ಜಲಧಿ, ಬಂಧ ಎಂದು ಹೇಳುತ್ತದೆ. ವಾಮಗತಿಯಿಂದ ಅದು 441. ಪ್ರತಿಯೊಬ್ಬನ ಭಾಗ 27994681.

ವಿಧು, ಜಲಧಿಗಳು ಸರ್ವಸಾಧಾರಣ ಸಂಜ್ಞೆಗಳು. ಬಂಧವು ಹಾಗಲ್ಲ. ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶವೆಂಬ ಚತುರ್ವಿಧ ಕರ್ಮಬಂಧವನ್ನು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಿಂದ ಅರಿತವನಿಗೆ ಮಾತ್ರ ಅದು ನಾಲ್ಕು. ಅರಿಯದ ಲಿಪಿಕಾರನು 'ಬಂಧ'ವನ್ನು ಪರಿಚಿತವಾದ 'ಬಾಣ'ವಾಗಿಸಿದನೆಂದು ಭಾವಿಸೋಣ. ಎರಡೂ ಗುರು-ಲಘುಗಳ ಪದಗಳೇ ಆದುದರಿಂದ ಛಂದಸ್ಸು ಮೌನವಾಗಿರುತ್ತದೆ. ಗಣಿತವು ಮೌನವಾಗಿರದು: 541ರಿಂದ ಭಾಗಿಸಿದರೆ 238 ಶೇಷ ಉಳಿಯುತ್ತದೆ.

ಇದಕ್ಕೆ ಕಾರಣ ಭಾಜ್ಯದ ರಚನೆಯಲ್ಲಿದೆ. ಅದು 111111ರ ವರ್ಗ. 111111 ಎಂಬುದು 3, 7, 11, 13, 37ರ ಗುಣಲಬ್ಧ. ಈ ಐದನ್ನು ಬಿಟ್ಟು ಬೇರೆ ಅವಿಭಾಜ್ಯಸಂಖ್ಯೆಗೆ ಅಲ್ಲಿ ಪ್ರವೇಶವಿಲ್ಲ. 441 ಎಂಬುದು 21ರ ವರ್ಗವಾದುದರಿಂದ ಲಬ್ಧವೂ ವರ್ಗವೇ, 5291ರ ವರ್ಗ. ವರ್ಗಪ್ರಕರಣವು ಇನ್ನೂ ಮುಂದಿರುವಾಗಲೇ ಆಚಾರ್ಯರು ಶಿಷ್ಯನ ಕೈಗೆ ಎರಡು ವರ್ಗಗಳನ್ನು ಇತ್ತು, ಮೂರನೆಯದನ್ನು ಅವನಿಂದಲೇ ತೆಗೆಸುತ್ತಾರೆ!

ಓಲೆಯಲ್ಲಿ 'ಬಂಧ' ಪದವೇ ಹುಳು ತಿಂದು ಹೋಗಿದ್ದರೂ ಅದನ್ನು ಪುನಃ ಪಡೆಯಬಹುದು. 41ರಲ್ಲಿ ಮುಗಿಯುವ ಮೂರು ಅಂಕಗಳ ಒಂಬತ್ತು ಸಂಖ್ಯೆಗಳಲ್ಲಿ ನಿಃಶೇಷವಾಗಿ ಭಾಗಿಸುವುದು 441 ಒಂದೇ. ವಾಮಗತಿಯನ್ನು ಮರೆತು 144 ಎಂದು ಓದಿದರೆ ಶೇಷ 81. ಜಲಧಿಯನ್ನು ಸಪ್ತಸಮುದ್ರವೆಂದು ಗ್ರಹಿಸಿ 471 ಎಂದರೆ ಶೇಷ 141.

ಆದರೂ ಈ ಪರೀಕ್ಷೆಯನ್ನೇ ಪರಮಪ್ರಮಾಣವೆಂದು ಹಿಡಿಯುವುದು ಸಾಧುವಲ್ಲ. ನಡುವಿನ ಪದವು ಲುಪ್ತವಾಗಿದ್ದರೆ 441ರಂತೆ 481 ಕೂಡ ಸಲ್ಲುತ್ತದೆ, ಏಕೆಂದರೆ ಅದು 13 ಮತ್ತು 37ರ ಗುಣಲಬ್ಧ. ಆಗ ಭಾಗ 25666641. ಅಲ್ಲಿ ನಿರ್ಣಯವು ಛಂದಸ್ಸಿನದು: ಜಲಧಿಗೆ ಮೂರು ಮಾತ್ರೆ, ಎಂಟನ್ನು ಸೂಚಿಸುವ ಗಜ, ವಸುಗಳಿಗೆ ಎರಡೇ.