ಸೈಕಲ್‌ಗೆ ಬರವಿಲ್ಲ, ಜಾಗಕ್ಕೆ ಬರ

ಅಮೆರಿಕದ ದೊಡ್ಡ ಊರುಗಳಲ್ಲಿ ಲಾಭಕ್ಕಾಗಿ ನಡೆಯದ ಸೈಕಲ್ ಶಾಪ್‌ಗಳಿವೆ. ಗ್ಯಾರೇಜಿನಲ್ಲಿ ತುಕ್ಕು ಹಿಡಿಯುತ್ತಿದ್ದ ಸೈಕಲ್‌ಗಳನ್ನು ಊರವರು ತಂದು ಒಪ್ಪಿಸುತ್ತಾರೆ. ಸ್ವಯಂಸೇವಕರು ಅವನ್ನು ಬಿಚ್ಚಿ, ಎರಡು ಮೂರರ ಬಿಡಿಭಾಗ ಸೇರಿಸಿ ಒಂದು ಒಳ್ಳೆಯ ಸೈಕಲ್ ಮಾಡುತ್ತಾರೆ. ನಿಮ್ಮ ಸೈಕಲ್ ಕೆಟ್ಟರೆ ಅಲ್ಲಿಗೆ ಹೋಗಿ, ಅವರ ಸ್ಪ್ಯಾನರ್ ಹಿಡಿದು ನೀವೇ ರಿಪೇರಿ ಮಾಡಿಕೊಳ್ಳಬೇಕು. ಪಕ್ಕದಲ್ಲಿ ನಿಂತವರು ಬಾಯಲ್ಲಿ ಹೇಳಿಕೊಡುತ್ತಾರೆ, ಆದಷ್ಟೂ ಕೈ ಹಾಕುವುದಿಲ್ಲ. ಕಾಸಿಲ್ಲದ ಹುಡುಗನೊಬ್ಬ ಕೆಲವು ವಾರ ಬಂದು ಕೆಲಸ ಕಲಿತರೆ ಕೊನೆಗೆ ಒಂದು ಸೈಕಲ್ ಅವನದೇ ಆಗುತ್ತದೆ.

ಇಂಥ ಶಾಪ್‌ಗಳಿಗೆ ಸೈಕಲ್ ಸಿಗದೆ ಕಷ್ಟವಾಯಿತು ಅನ್ನುವ ಮಾತು ಕೇಳಿಬರುವುದು ಅಪರೂಪ. ಕೆಲಸ ಬಲ್ಲವರೂ ಹೇಗೋ ಸಿಗುತ್ತಾರೆ. ಕತ್ತು ಹಿಸುಕುವುದು ಬಾಡಿಗೆ.

ನಮ್ಮ ಪಂಕ್ಚರ್ ಅಂಗಡಿಯವನಿಗೆ ಒಂದು ಮರದ ನೆರಳು, ಒಂದು ಪೆಟ್ಟಿಗೆ, ಬಾಣಲೆಯಲ್ಲಿ ನೀರು, ಒಂದು ಪಂಪು ಇದ್ದರೆ ಸಂಸಾರ ಸಾಗುತ್ತದೆ. ಸಮುದಾಯದ ಶಾಪ್‌ಗೆ ಅದು ಸಾಲದು. ಒಂದೇ ಹೊತ್ತಿಗೆ ನಾಲ್ಕೈದು ಜನ ರಿಪೇರಿಗೆ ನಿಲ್ಲುತ್ತಾರೆ. ಸೈಕಲ್ಲಿನ ಉದ್ದವೇ ಸುಮಾರು ಆರಡಿ. ಸ್ಟ್ಯಾಂಡಿಗೆ ಏರಿಸಿದ ಮೇಲೆ ಸುತ್ತ ಒಬ್ಬ ಓಡಾಡಬೇಕು, ಪೆಡಲು ತಿರುಗಬೇಕು, ಮೊಣಕೈ ಪಕ್ಕದವನಿಗೆ ತಾಗಬಾರದು. ಆದರೂ ಜಾಗ ನುಂಗುವುದು ಕೆಲಸವಲ್ಲ, ದಾಸ್ತಾನು. ಬಂದ ಸೈಕಲ್‌ಗಳನ್ನು ಗೋಡೆಯ ಕೊಕ್ಕೆಗೆ ಮುಂದಿನ ಚಕ್ರದಿಂದ ನೇತುಹಾಕುತ್ತಾರೆ. ಒಂದನ್ನು ಮೇಲೆ, ಮತ್ತೊಂದನ್ನು ತುಸು ಕೆಳಗೆ ಹಾಕಿದರೆ ಹ್ಯಾಂಡಲ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳದೆ ಅಡಿಗೊಂದರಂತೆ ಹೆಚ್ಚುಕಡಿಮೆ ಹಿಡಿಸುತ್ತವೆ. ಹಾಗೆ ಮಾಡಿದರೂ ವರ್ಷದೊಳಗೆ ಗೋಡೆ ಮುಗಿಯುತ್ತದೆ. ಆಮೇಲೆ ನೆಲ, ಆಮೇಲೆ ಕಕ್ಕಸಿನ ಬಾಗಿಲು. ಬಗ್ಗಿದ ರಿಮ್ಮು, ಹಲ್ಲು ಸವೆದ ಫ್ರೀವೀಲು, ಮುಂದೆಂದಾದರೂ ಬೇಕಾದೀತು ಎಂದು ಇಟ್ಟ ಪೆಡಲುಗಳ ಡಬ್ಬ, ಇವಕ್ಕೆಲ್ಲ ಚದರಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತಿದ್ದೇವೆ ಎಂಬುದು ಸೈಕಲ್ ಹುಚ್ಚರಿಗೆ ಹೊಳೆಯುವುದೇ ಇಲ್ಲ. ನನ್ನನ್ನು ಕೇಳಿದರೆ, ದೊಡ್ಡ ಜಾಗ ಹುಡುಕುವ ಮೊದಲು ಗುಜರಿಯವನನ್ನು ಕರೆಸಬೇಕು.

ಲಾಸ್ ಏಂಜಲೀಸಿನ ಬೈಸಿಕಲ್ ಕಿಚನ್ ಹುಟ್ಟಿದ್ದು ನಿಜವಾದ ಅಡುಗೆಮನೆಯಲ್ಲಿ. 2002ರಲ್ಲಿ ಅಲ್ಲಿನ ಇಕೋ-ವಿಲೇಜ್ ವಸತಿ ಸಮುದಾಯದ ಒಂದು ಖಾಲಿ ಫ್ಲಾಟಿನ ಅಡುಗೆಕೋಣೆಯನ್ನು ಕೆಲವು ಗೆಳೆಯರು ಬಳಸಿಕೊಂಡರು. ಅಲ್ಲಿ ರಿಪೇರಿ ಹೇಳಿಕೊಡುವವರನ್ನು ಇವತ್ತಿಗೂ ಅಡುಗೆಯವರು ಅನ್ನುತ್ತಾರೆ. ಜನ ಹೆಚ್ಚಾದಂತೆ ಶಾಪ್ ಹೀಲಿಯೊಟ್ರೋಪ್ ರಸ್ತೆಗೆ ಬಂತು. ಪಕ್ಕದಲ್ಲೇ ವ್ಯಾಪಾರದ ಸೈಕಲ್ ಅಂಗಡಿ, ಐಸ್‌ಕ್ರೀಮ್ ಅಂಗಡಿ ಬಂದು ಆ ಮೂಲೆ ಸವಾರರ ಅಡ್ಡೆಯಾಯಿತು, ಅದಕ್ಕೆ ಹೆಲ್-ಮೆಲ್ ಎಂಬ ಅಡ್ಡಹೆಸರೂ ಬಿತ್ತು. ಮುಂದೆ ಕಿಚನ್ ಅಲ್ಲಿಂದಲೂ ಎದ್ದು ಫೌಂಟನ್ ಅವೆನ್ಯೂಗೆ ಹೋಯಿತು. ಪಾಳು ಬಿದ್ದ ಬೀದಿಗೆ ಇಂಥ ಶಾಪ್ ಬಂದರೆ ಜನ ಬರುತ್ತಾರೆ, ಜನ ಬಂದರೆ ಕಾಫಿ ಅಂಗಡಿ ಬರುತ್ತದೆ, ಕಾಫಿ ಅಂಗಡಿ ಬಂದ ಮೇಲೆ ಮಾಲೀಕನಿಗೆ ತನ್ನ ಕಟ್ಟಡದ ಬೆಲೆ ಗೊತ್ತಾಗುತ್ತದೆ. ಬೀದಿಗೆ ಜೀವ ತಂದವರೇ ಬೇರೆ ಬೀದಿ ಹುಡುಕಬೇಕಾದ ಪರಿಸ್ಥಿತಿ ಹೀಗೆ ಬರುತ್ತದೆ.

ದಶಕಗಟ್ಟಲೆ ಬಾಳಿದ ಶಾಪ್‌ಗಳನ್ನು ನೋಡಿದರೆ ಅವುಗಳ ಜಾಗದ ಮಾಲೀಕ ಬೇರೆ ಜಾತಿಯವನು. ಬಾಸ್ಟನ್ನಿನ ಬೈಕ್ಸ್ ನಾಟ್ ಬಾಂಬ್ಸ್ ಶುರುವಾದದ್ದು 1984ರಲ್ಲಿ, ನಿಕರಾಗುವಾ ವಿಷಯದಲ್ಲಿ ಅಮೆರಿಕ ಸರ್ಕಾರದ ನೀತಿಯನ್ನು ವಿರೋಧಿಸಿ ಆ ದೇಶಕ್ಕೆ ಸೈಕಲ್ ಕಳಿಸಲು. ಜಮೈಕಾ ಪ್ಲೇನ್ ಬಡಾವಣೆಯ ಮುಚ್ಚಿಹೋದ ಬಿಯರ್ ಕಾರ್ಖಾನೆಯೊಂದನ್ನು ಅಲ್ಲಿನ ಲಾಭರಹಿತ ಅಭಿವೃದ್ಧಿ ಸಂಸ್ಥೆಯೇ ಕೊಂಡು, ಸಣ್ಣಪುಟ್ಟ ಉದ್ಯಮಗಳಿಗೆ ಬಾಡಿಗೆಗೆ ಕೊಟ್ಟಿತ್ತು. ಬೈಕ್ಸ್ ನಾಟ್ ಬಾಂಬ್ಸ್ ವರ್ಷಗಟ್ಟಲೆ ಅಲ್ಲಿಂದ ಕೆಲಸ ನಡೆಸಿತು. ಟೆಕ್ಸಾಸಿನ ಆಸ್ಟಿನ್‌ನಲ್ಲಿ 1997ರಲ್ಲಿ ಶುರುವಾದ ಯೆಲ್ಲೋ ಬೈಕ್ ಪ್ರಾಜೆಕ್ಟ್ ಮೊದಮೊದಲು ಹಳದಿ ಬಣ್ಣ ಬಳಿದ ಸೈಕಲ್‌ಗಳನ್ನು ಬೀದಿಯಲ್ಲಿ ಬಿಟ್ಟು ಯಾರು ಬೇಕಾದರೂ ಓಡಿಸಿ ಅಂದಿತು. ಸೈಕಲ್‌ಗಳು ಮಾಯವಾದವು, ರಿಪೇರಿ ಶಾಪ್ ಉಳಿಯಿತು. ಅದು ಊರೊಳಗೆ ಹಲವು ಕಡೆ ಅಲೆದು, ಕೊನೆಗೆ ನಗರಾಡಳಿತದ ಜಮೀನಿನಲ್ಲಿ ತನ್ನದೇ ಕಟ್ಟಡ ಕಟ್ಟಿಕೊಂಡಿತು. ವಿಯೆನ್ನಾದ ವುಕ್ ಸಂಸ್ಕೃತಿ ಕೇಂದ್ರ ನನಗೆ ಎಲ್ಲಕ್ಕಿಂತ ಇಷ್ಟ. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಎಂಜಿನ್ ಮಾಡುತ್ತಿದ್ದ ಕಾರ್ಖಾನೆ ಅದು. ಕೆಡವಬೇಕೆಂದಿದ್ದ ಕಟ್ಟಡ 1981ರಲ್ಲಿ ಜನರ ಹಟದಿಂದ ಅವರ ಕೈಗೇ ಬಂತು. 1980ರ ದಶಕದಿಂದಲೂ ಅಲ್ಲೊಂದು ಸೈಕಲ್ ಕಾರ್ಯಾಗಾರವಿದೆ. ಕಟ್ಟಡದ ಒಡೆತನ ನಗರದ್ದು.

ಹಾಗಾಗಿ ಹುಡುಕಬೇಕಾದ್ದು ಮಳಿಗೆಯನ್ನಲ್ಲ, ಮಾಲೀಕನನ್ನು. ನಗರಾಡಳಿತ, ಚರ್ಚು, ಸಹಕಾರ ಸಂಘ, ಕಾಲೇಜು, ಯಾರಾದರೂ ಸರಿ, ಮುಂದಿನ ವರ್ಷ ಮಾರುವ ಆಲೋಚನೆ ಇಲ್ಲದವರು. ಚರ್ಚಿನ ನೆಲಮಾಳಿಗೆ ಸಿಕ್ಕರೆ ಮಾತ್ರ ಮೆಟ್ಟಿಲು ಎಣಿಸಿಕೊಳ್ಳಿ. ಪ್ರತಿ ಸೈಕಲ್ಲನ್ನೂ ಹೊತ್ತು ಇಳಿಸಿ ಹತ್ತಿಸುವ ಕಡೆ ಸ್ವಯಂಸೇವಕರು ಬಹಳ ದಿನ ನಿಲ್ಲುವುದಿಲ್ಲ.

ಪುಕ್ಕಟೆ ಜಾಗದ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ನೋಂದಾಯಿತ ಸೇವಾಸಂಸ್ಥೆಗೆ ಹಣ ಕೊಟ್ಟವರಿಗೆ ತೆರಿಗೆಯಲ್ಲಿ ವಿನಾಯಿತಿ ಇದೆ. ಆದರೆ ಖಾಲಿ ಮಳಿಗೆಯನ್ನು ಬಾಡಿಗೆಯಿಲ್ಲದೆ ಬಳಸಲು ಬಿಟ್ಟರೆ, ಬಿಟ್ಟುಕೊಟ್ಟ ಆ ಬಾಡಿಗೆಯನ್ನು ದಾನವೆಂದು ಅಲ್ಲಿನ ಆದಾಯ ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ. ಮಾಲೀಕನಿಗೆ ಸಿಗುವುದು ಪುಣ್ಯ ಮಾತ್ರ. ಬಾಡಿಗೆ ಕೊಡುವ ಗಿರಾಕಿ ಬಂದ ದಿನ ಆ ಪುಣ್ಯ ಕರಗುತ್ತದೆ. ಅಲ್ಲಿನ ವಾಣಿಜ್ಯ ಕರಾರುಗಳಲ್ಲಿ ಇನ್ನೊಂದು ಬಗೆಯಿದೆ: ಬಾಡಿಗೆಯಲ್ಲದೆ ಆಸ್ತಿ ತೆರಿಗೆ, ವಿಮೆ, ದುರಸ್ತಿ ಮೂರೂ ಬಾಡಿಗೆದಾರನ ತಲೆಗೇ. ಕಡಿಮೆ ಬಾಡಿಗೆ ಎಂದು ಹಿಗ್ಗಿ ಸಹಿ ಹಾಕಿದವರು ಮಳೆಗಾಲದಲ್ಲಿ ಚಾವಣಿ ಸೋರಿದಾಗ ಕರಾರು ಪತ್ರವನ್ನು ಮತ್ತೆ ಓದುತ್ತಾರೆ. ಐದು ವರ್ಷದ ಸಾಧಾರಣ ಬಾಡಿಗೆಯ ಲಿಖಿತ ಕರಾರು, ಯಾವಾಗ ಬೇಕಾದರೂ ಎಬ್ಬಿಸಬಹುದಾದ ಪುಕ್ಕಟೆ ಜಾಗಕ್ಕಿಂತ ಎಷ್ಟೋ ಮೇಲು.

ನಮ್ಮ ಕಡೆಯೂ ಇಂಥದ್ದು ಶುರು ಮಾಡಬೇಕೆಂಬ ಆಸೆ ಕೆಲವು ಸವಾರರಿಗಿದೆ. ಬೆಂಗಳೂರಿನಲ್ಲಿ ಮಳಿಗೆ ಕೇಳಲು ಹೋದರೆ ಅಡ್ವಾನ್ಸ್ ಮೊತ್ತಕ್ಕೇ ಉತ್ಸಾಹ ಇಳಿದುಹೋಗುತ್ತದೆ. ಮಳಿಗೆ ಬಿಡಿ. ಹಳೆಯ ಸರ್ಕಾರಿ ಕಾಲೇಜು, ಹೈಸ್ಕೂಲುಗಳಲ್ಲಿ ಸೈಕಲ್ ಸ್ಟ್ಯಾಂಡ್ ಎಂಬ ತಗಡಿನ ಶೆಡ್ ಇರುತ್ತಿತ್ತು, ಎಷ್ಟೋ ಕಡೆ ಈಗಲೂ ಇದೆ. ಮೆಟ್ಟಿಲಿಲ್ಲ, ಗಾಳಿ ಬೆಳಕು ಬೇಕಾದಷ್ಟು, ನೆಲಕ್ಕೆ ಎಣ್ಣೆ ಚೆಲ್ಲಿದರೆ ಯಾರೂ ಬೈಯುವುದಿಲ್ಲ. ಒಂದು ಮೂಲೆಗೆ ಜಾಲರಿ ಹಾಕಿ ಬೀಗ ಜಡಿದರೆ ಕಾರ್ಯಾಗಾರ ತಯಾರು, ಕಲಿಯುವ ಹುಡುಗರು ಅಂಗಳದಲ್ಲೇ ಸಿಗುತ್ತಾರೆ.

ನಿಮ್ಮೂರಿನಲ್ಲಿ ಅಂಥ ಶೆಡ್ ಇದ್ದರೆ ಪ್ರಾಂಶುಪಾಲರಿಗೆ ಈ ವಾರವೇ ಒಂದು ಅರ್ಜಿ ಕೊಡಿ. ಅದರಲ್ಲಿ ಉಚಿತ ಎಂಬ ಪದ ಬರೆಯಬೇಡಿ. ನೀವು ಕೊಡಬಲ್ಲ ಬಾಡಿಗೆ ಎಷ್ಟು, ವರ್ಷ ಎಷ್ಟು ಎಂದು ಬರೆಯಿರಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂಬ ಕಾನೂನಿದೆ. ಆ ಖರ್ಚಿಗೆ ಹೆದರಿ ಎಲ್ಲರಂತೆ ಹನ್ನೊಂದು ತಿಂಗಳ ಕರಾರಿಗೆ ಮಾತ್ರ ಇಳಿಯಬೇಡಿ.