ಪುಂಸ್ಕೋಕಿಲವಿಚಾರ

ವಸಂತವರ್ಣನೆಯಲ್ಲಿ ಕೋಗಿಲೆಯನ್ನು ಕೂಗಿಸದ ಕವಿಯು ವಿರಳ. ಪ್ರಾಚೀನರು ಹಕ್ಕಿಯನ್ನು ಕಣ್ಣಾರೆ ಕಾಣದೆ ಗ್ರಂಥದಿಂದ ಗ್ರಂಥಕ್ಕೆ ಸಾಗಿಸಿದರೆಂಬ ಆಕ್ಷೇಪವು ಇದರಿಂದಲೇ ಹುಟ್ಟಿತು. ಅನುಕರಣಮಾತ್ರದಿಂದ ಕವಿಗಳೆನಿಸಿದವರಿಗೆ ಇದು ಸಲ್ಲಬಹುದು, ಕಾಳಿದಾಸನಿಗೆ ಸಲ್ಲದು.

ಕುಮಾರಸಂಭವದ ತೃತೀಯಸರ್ಗದಲ್ಲಿ, ಶಿವನ ತಪೋವನಕ್ಕೆ ಅಕಾಲವಸಂತವು ಬಂದಿಳಿದಾಗ, ಮಾನಿನಿಯರ ಮುನಿಸನ್ನು ಮುರಿಯುವ ದನಿಯು ಪುಂಸ್ಕೋಕಿಲದ್ದು. ಇಲ್ಲಿಯ 'ಪುಂ' ಎಂಬುದು ಛಂದಃಪೂರಣಕ್ಕಾಗಿ ಬಂದುದಲ್ಲ. ಏರುತ್ತೇರುತ್ತ ಹೋಗುವ ಆ ಇಂಪಾದ ಕೂಗು ಗಂಡಿನದೇ ಎಂಬುದು ಪಕ್ಷಿಶಾಸ್ತ್ರಸಮ್ಮತ. ಮಿರುಗುವ ಕಪ್ಪುಮೈ, ಕೆಂಗಣ್ಣು ಅದರ ಲಕ್ಷಣ. ಹೆಣ್ಣಾದರೋ ಬಿಳಿಯ ಚುಕ್ಕೆಗಳುಳ್ಳ ಕಂದುಬಣ್ಣದ್ದು. ಅದರ ದನಿಯು ಬಿಕ್ಕಳಿಸಿದಂತೆ ಕರ್ಕಶ. ಮಾವಿನ ಚಿಗುರಿನಿಂದ ಕಂಠಕ್ಕೆ ಮಾಧುರ್ಯವೆಂಬುದು ಮಾತ್ರ ಕವಿಯ ಕಲ್ಪನೆ. ಕೋಗಿಲೆಯ ಮುಖ್ಯಾಹಾರವು ಆಲ, ಅರಳಿ ಮೊದಲಾದವುಗಳ ಹಣ್ಣು.

ಶಾಕುಂತಲದ ಪಂಚಮಾಂಕದಲ್ಲಿ ದುಷ್ಯಂತನು ಸ್ತ್ರೀಯರ ಸಹಜಚಾತುರ್ಯಕ್ಕೆ ದೃಷ್ಟಾಂತವಾಗಿ ಹೇಳುವುದು ಹೆಣ್ಣುಕೋಗಿಲೆಯನ್ನು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಹೆಣ್ಣೇ ಆದುದರಿಂದ ಇಲ್ಲಿಯೂ ಕವಿಯು ತಪ್ಪಿಲ್ಲ. ಗಾನವನ್ನು ಗಂಡಿಗೂ ವಂಚನೆಯನ್ನು ಹೆಣ್ಣಿಗೂ ಹಂಚಿದುದು ನೋಡಿ ತಿಳಿದವನ ಹಂಚಿಕೆ. ಮೇಲಾಗಿ, ಮೇನಕೆಯು ಬಿಟ್ಟುಹೋಗಲು ಅನ್ಯರ ಆಶ್ರಯದಲ್ಲಿ ಬೆಳೆದ ಶಕುಂತಲೆಯು ತಾನೇ ಒಂದು ಪರಭೃತೆ. ರಾಜನು ಬಳಸುವ 'ದ್ವಿಜ'ಶಬ್ದಕ್ಕೆ ಹಕ್ಕಿಯೆಂಬ ಅರ್ಥದೊಡನೆ ಬ್ರಾಹ್ಮಣನೆಂಬ ಅರ್ಥವೂ ಇರುವುದರಿಂದ ಕಣ್ವನೂ ಆ ನಿಂದೆಗೆ ಗುರಿಯಾಗುತ್ತಾನೆ. ಹಿಂದಿನ ಅಂಕದಲ್ಲಿ ತಪೋವನದ ವೃಕ್ಷಗಳು ಅವಳಿಗೆ ಬೀಳ್ಕೊಡುಗೆಯಿತ್ತುದೂ ಕೋಗಿಲೆಯ ದನಿಯಿಂದಲೇ. ಹರಸಿ ಕಳುಹಿದ ಹಕ್ಕಿಯೇ ಆಸ್ಥಾನದಲ್ಲಿ ಬೈಗುಳವಾಗಿ ಎದುರಾಗುವ ಈ ಕ್ರೌರ್ಯವನ್ನು ಕೇವಲ ಅಲಂಕಾರಲಕ್ಷಣವನ್ನು ಹೇಳಿ ಮುಗಿಸುವ ಪಾಠಕ್ರಮವು ಮುಟ್ಟಲಾರದು.

ಕೋಗಿಲೆಯು ಗ್ರೀಷ್ಮಾದಿಗಳಲ್ಲಿ ಕೂಗಿದರೂ ಕವಿಗಳು ವಸಂತದಲ್ಲಿ ಮಾತ್ರವೇ ವರ್ಣಿಸುವರೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳುತ್ತಾನೆ. ಆದುದರಿಂದ ಕವಿಸಮಯವು ಅಜ್ಞಾನವಲ್ಲ, ತಿಳಿದು ಮಾಡಿದ ಆಯ್ಕೆ.

ಕನ್ನಡದಲ್ಲಿ ಗಾಯಕಿಯನ್ನು ಕೋಗಿಲೆಯೆಂದು ಹೊಗಳುವುದು ರೂಢಿ. ಇದಕ್ಕೆ ಶಬ್ದರೂಪವೂ ಒಂದು ಕಾರಣವಿರಬಹುದು. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಗಳು ಕನ್ನಡದಲ್ಲಿ ಮಾಲೆ, ಬಾಲೆ ಎಂದು ಎಕಾರಾಂತವಾಗುವುದರಿಂದ 'ಕೋಗಿಲೆ'ಯೂ ಕಿವಿಗೆ ಹೆಣ್ಣಾಗಿ ಕೇಳಿಸುತ್ತದೆ. ವ್ಯಾಕರಣದಲ್ಲಿ ಅದು ನಪುಂಸಕವಾದುದರಿಂದ ತಿದ್ದುವ ಪ್ರಸಂಗವೂ ಒದಗದು. ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟುವುದನ್ನು ಪಂಪನು ವಿಕ್ರಮಾರ್ಜುನವಿಜಯದಲ್ಲಿ ಹಾರೈಸುವಾಗ, ಆ ಕೋಗಿಲೆಯನ್ನು ಹಾಡುವ ಗಂಡೆಂದು ಗ್ರಹಿಸಲು ಯಾವ ಅಡ್ಡಿಯೂ ಇಲ್ಲ.